ಮೈಕ್ ಸೆಟ್ ಚೌಡಪ್ಪನೂ ಚೌತಿಯ ಚಂದ್ರನೂ

ಕೊಬ್ಬರಿ ವ್ಯಾಪಾರದಲ್ಲಿ ಕಣ್ಣಿಗಿಂತ ಕಿವಿಗೆ ಬೆಲೆ ಹೆಚ್ಚು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದಾಗ ಒಳಗಿನ ಒಣತಿರುಳಿನ ಗಿಟುಕು ಗಡಗಡ ಎಂದರೆ ಮಾಲು ಪಕ್ವ. ಗುಳುಗುಳು ಎಂದರೆ ಇನ್ನೂ ನೀರಿದೆ, ಕಾಯಬೇಕು. ಏನೂ ಅನ್ನದೆ ಗಂಭೀರವಾಗಿದ್ದರೆ ಒಳಗೆ ಕೊಳೆತಿದೆ ಎಂದು ತಿಳಿಯಬೇಕು. ಗುಬ್ಬಿಯ ಮಂಡಿಯಲ್ಲಿ ಕೂತು ಕೂತು ನನಗೆ ಮನುಷ್ಯರನ್ನೂ ಹೀಗೇ ಅಲ್ಲಾಡಿಸಿ ನೋಡುವ ಚಾಳಿ ಬಂದುಬಿಟ್ಟಿದೆ. ತೀರಾ ಗಂಭೀರವಾಗಿರುವವರನ್ನು ಕಂಡರೆ ನಾನು ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಮೈಕ್ ಸೆಟ್ ಚೌಡಪ್ಪನನ್ನು ಅಲ್ಲಾಡಿಸುವ ಅಗತ್ಯವೇ ಬೀಳಲಿಲ್ಲ. ಅವನು ತಾನಾಗಿಯೇ ಸದ್ದು ಮಾಡುತ್ತಿದ್ದ.

ಮೇಲ್ನೋಟಕ್ಕೆ ಎರಡನೇ ದರ್ಜೆಯ ಮಾಲು. ಎತ್ತರ ಸಾಲದು, ತೂಕ ಇನ್ನೂ ಸಾಲದು. ಹೆಗಲ ಮೇಲಿನ ವೈರಿನ ಸುರುಳಿ ಇಳಿಸಿದರೆ ಗಾಳಿಗೆ ಹಾರಿಹೋಗುವಂಥ ಆಳು. ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರ್, ಕಿವಿಯ ಮೇಲೆ ಒಂದು ಬೀಡಿ, ಕೈಬೆರಳಿಗೆಲ್ಲ ಕಪ್ಪು ಟೇಪಿನ ಅಂಟು. ಬಾಯಿ ಮಾತ್ರ ರಫ್ತು ದರ್ಜೆಯದು. ಇಂಥ ಮಾಲನ್ನು ಬಿಡಿಯಾಗಿ ಕೊಳ್ಳಲು ಬರುವುದಿಲ್ಲ, ಬಾಯಿ ಬೇಕೆಂದರೆ ಮನುಷ್ಯನನ್ನೂ ತೆಗೆದುಕೊಳ್ಳಬೇಕು.

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನ ಅಂಗಡಿ. ಎರಡು ಹಾರ್ನು, ನಾಲ್ಕು ಬಾಕ್ಸು, ಒಂದು ಆಂಪ್ಲಿಫೈಯರ್, ಗೋಣಿಚೀಲದ ತುಂಬ ಸೀರಿಯಲ್ ಸೆಟ್ಟು. ಮೇಲೆ ‘ರೇವಮ್ಮ ಸೌಂಡ್ಸ್’ ಎಂದು ಬೋರ್ಡು. ರೇವಮ್ಮ ಅವನ ಹೆಂಡತಿ.

“ಯಾಕಯ್ಯಾ, ನಿನ್ನ ಹೆಸರು ಹಾಕಿಸಿಲ್ಲ?” ಎಂದು ಕೇಳಿದ್ದೆ.

“ನಮ್ಮನೇಲಿ ಸೌಂಡ್ ಇರೋದು ಅವಳ್ದೇ ಕಣ್ರೀ ಸಾವ್ಕಾರ್ರೇ. ನಂದೇನಿದ್ರೂ ವೈರು” ಎಂದ.

ಮೈಕ್ ಕಟ್ಟುವವರೆಲ್ಲ ಕಾರ್ಯಕ್ರಮಕ್ಕೆ ಮೊದಲು “ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ” ಅನ್ನುತ್ತಾರೆ. ಚೌಡಪ್ಪ ಅನ್ನುತ್ತಿರಲಿಲ್ಲ. ಆ ದಿನದ ಹಬ್ಬ ಯಾವುದೋ ಅದರ ಶುಭಾಶಯ ಹೇಳಿ, ಅದರ ಬೆನ್ನಿಗೇ ಲೋಕದ ಯಾವುದೋ ಮೂಲೆಯ ಒಂದು ವಿಚಿತ್ರ ಸುದ್ದಿ ಹೇಳುತ್ತಿದ್ದ. “ನಾಡಿನ ಸಮಸ್ತ ಜನತೆಗೆ ಸಂಕ್ರಾಂತಿ ಹಬ್ಬದ ಹಾರ್ದಿಕ ಶುಭಾಶಯಗಳು. ಆಕ್ಟೋಪಸ್ ಅನ್ನೋ ಸಮುದ್ರದ ಪ್ರಾಣಿಗೆ ಮೂರು ಹೃದಯ ಅವೆಯಂತೆ. ಹಿಂದ್ಗಡೆಯೋರಿಗೆ ಕೇಳ್ತಾ ಐತಾ?”

ಈ ಚಟ ಹತ್ತಿದ್ದು ಕುಣಿಗಲ್ಲಿನಲ್ಲಿ. ಅವನ ಹುಟ್ಟೂರು ಕುಣಿಗಲ್ ಕೆರೆಯ ಆಚೆ ದಡದ ಒಂದು ಹಳ್ಳಿ. ಹರೆಯದಲ್ಲಿ ಪೇಟೆಯ ಯಾರದೋ ಕೈಕೆಳಗೆ ಹಾರ್ನು ಹೊರುತ್ತಿದ್ದ. ಒಂದು ಯುಗಾದಿಗೆ ಕೆರೆ ಏರಿಯ ಪಕ್ಕ ಕಾರ್ಯಕ್ರಮ. ಮೈಕು ಕೈಕೊಟ್ಟಿತು. ಅದು ಸರಿಹೋಗುವ ತನಕ ಇವನು ಒನ್ ಟೂ ತ್ರೀ ಎಂದದ್ದೇ ಎಂದದ್ದು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರಿಗೆ ರೇಗಿತು.

“ಏನ್ಲಾ, ಮೂರರಿಂದ ಆಚೀಗೆ ಬರಾಕಿಲ್ವಾ ನಿಂಗೆ? ಹಬ್ಬದ ದಿವ್ಸ ಬಂದು ಕುಂತಿದೀವಿ. ಏನಾನ ಒಳ್ಳೇದು ಹೇಳ್ಲಾ.”

ಚೌಡಪ್ಪ ಯುಗಾದಿ ಶುಭಾಶಯ ಹೇಳಿದ. ಮೈಕು ಇನ್ನೂ ಗೊರಗೊರ ಅನ್ನುತ್ತಿತ್ತು. ಕೈಯಲ್ಲಿ ಬೋಂಡಾ ಕಟ್ಟಿಸಿಕೊಂಡಿದ್ದ ಪೇಪರಿನ ಚೂರಿತ್ತು. ಅದನ್ನೇ ಓದಿದ: ಅಮೆರಿಕದ ಅಲಾಸ್ಕಾದಲ್ಲಿ ಒಂದು ಜಾತಿಯ ಕಪ್ಪೆ ಚಳಿಗಾಲದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿ, ಎದೆಬಡಿತವೂ ನಿಂತು, ವಸಂತ ಬಂದಾಗ ಏನೂ ಆಗದವರಂತೆ ಎದ್ದು ಕೂರುತ್ತದೆ. ಅಷ್ಟಕ್ಕೆ ಎಣ್ಣೆಯ ಕಲೆ ಬಂದು ಅಕ್ಷರ ಮುಗಿಯಿತು. ಮುದುಕರು ಕೇಳಿದರು:

“ಆಮ್ಯಾಕೆ?”

ಒಬ್ಬ ಮನುಷ್ಯನನ್ನು ಕೆಡಿಸಲು ಹೆಂಡವೇ ಬೇಕಿಲ್ಲ. ಸರಿಯಾದ ಹೊತ್ತಿಗೆ, ಮುಂದೇನು ಎಂದು ಕೇಳುವ ಒಂದು ‘ಆಮ್ಯಾಕೆ’ ಸಿಕ್ಕರೆ ಸಾಕು. ಅವತ್ತಿನಿಂದ ಚೌಡಪ್ಪ ಲೋಕದ ಸುದ್ದಿಯ ಬೆನ್ನು ಬಿದ್ದ. ಮೊದಲು ಪೇಪರು, ಆಮೇಲೆ ರೇಡಿಯೋ, ಈಗ ಫೋನು. ಯುದ್ಧ, ಚುನಾವಣೆ, ಚಿನ್ನದ ಧಾರಣೆ ಅವನಿಗೆ ಬೇಡ. ಪ್ರಾಣಿ, ಗ್ರಹ, ಸಮುದ್ರ, ಜೇನು, ಇವಿಷ್ಟೇ ಅವನ ಸರಕು.

ಆದರೆ ಯಾವ ಮಾಲು ಯಾವ ಸಂತೆಗೆ ಎಂಬ ವಿವೇಚನೆ ಅವನಲ್ಲಿ ಇರಲಿಲ್ಲ. ಕುಣಿಗಲ್ಲಿನಲ್ಲಿ ಗೌರಿ ಹಬ್ಬದ ದಿನ ಹೆಂಗಸರು ಬಾಗಿನ ಹಿಡಿದು ಕೂತಿದ್ದಾಗ “ಕಡಲಕುದುರೆ ಅಂತ ಒಂದು ಮೀನು, ಅದ್ರಲ್ಲಿ ಗಂಡೇ ಬಸುರಾಗಿ ಹೆರೋದು” ಎಂದು ಹಾರ್ನಿನಲ್ಲಿ ಬಿಟ್ಟ. ಹೆಂಗಸರು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ಅಲ್ಲಿಯ ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದವನೊಬ್ಬ “ಆ ತಳಿ ಮಾತ್ರ ಇಲ್ಲಿಗೆ ತರಿಸ್ಬ್ಯಾಡ್ರಪ್ಪೋ” ಎಂದು ಕೂಗಿದ. ಇನ್ನೊಮ್ಮೆ ಗುಬ್ಬಿ ರಸ್ತೆಯಲ್ಲಿ ಹೊಸ ಬಡಾವಣೆಯೊಂದರ ಭೂಮಿಪೂಜೆ. ಆಯುಧಪೂಜೆ ಎದುರಿಗಿತ್ತು. ಚೌಡಪ್ಪ ಅದರ ಶುಭಾಶಯ ಹೇಳಿ, ಆಸ್ಟ್ರೇಲಿಯಾದ ವೊಂಬ್ಯಾಟ್ ಎಂಬ ಪ್ರಾಣಿ ಇಟ್ಟಿಗೆಯಂತೆ ಚೌಕ ಚೌಕವಾಗಿ ಲದ್ದಿ ಹಾಕುತ್ತದೆ ಎಂದ. ಕಂಟ್ರಾಕ್ಟರು ಸೈಟು ಕೊಳ್ಳಲು ಬಂದವರ ಮುಖ ನೋಡಿದ. ಬಂದವರು ಅಲ್ಲಿ ಜೋಡಿಸಿಟ್ಟಿದ್ದ ಇಟ್ಟಿಗೆಯ ರಾಶಿ ನೋಡಿದರು.

ಇವನ ಸುದ್ದಿಗಳನ್ನು ನನ್ನ ಮಗಳು ಶೃತಿ ಫೋನಿನಲ್ಲಿ ಹುಡುಕಿ ಪರೀಕ್ಷೆ ಮಾಡುತ್ತಿದ್ದಳು. ಬಹುಪಾಲು ನಿಜವೇ ಇರುತ್ತಿದ್ದವು. ಚೀನಾದ ಮಹಾಗೋಡೆ ಚಂದ್ರನ ಮೇಲಿಂದಲೂ ಕಾಣುತ್ತದೆ ಎಂದಿದ್ದು ಮಾತ್ರ ಸುಳ್ಳು ಎಂದು ಗೊತ್ತಾಯಿತು. ಅದನ್ನು ಅವನಿಗೆ ಹೇಳಿದ್ದೇ ತಪ್ಪಾಯಿತು. ಮುಂದಿನ ಕಾರ್ಯಕ್ರಮದಲ್ಲಿ “ಹೋದ ಸಲ ಹೇಳಿದ್ದು ಸುಳ್ಳಂತೆ, ದಯಮಾಡಿ ಮರ್ತುಬುಡಿ. ಕನ್ನಡ ರಾಜ್ಯೋತ್ಸವದ ಶುಭಾಶಯಗಳು” ಎಂದ. ಅದು ಬೇರೆ ಊರು, ಬೇರೆ ಜನ. ಯಾವುದನ್ನು ಮರೆಯಬೇಕೆಂದು ತಿಳಿಯದೆ ಅವರು ಕಾರ್ಯಕ್ರಮ ಮುಗಿಯುವವರೆಗೂ ಒದ್ದಾಡಿದರು.

ಮಂಡಿ ಗುಬ್ಬಿಯಲ್ಲಾದರೂ ನನ್ನ ಮನೆ ತುಮಕೂರಿನ ಮರಳೂರಿನಲ್ಲಿ. ನಮ್ಮ ರಸ್ತೆಯವರೆಲ್ಲ ಸೇರಿ ಖಾಲಿ ಸೈಟಿನಲ್ಲಿ ಪೆಂಡಾಲು ಹಾಕಿ ಗಣೇಶನನ್ನು ಕೂರಿಸುತ್ತೇವೆ. ಚೌಕಾಶಿ ಬರುವವನು ಎಂಬ ಕಾರಣಕ್ಕೆ ನಾನು ಅದರ ಖಜಾಂಚಿ. ಅಧ್ಯಕ್ಷರು ಜಯಪ್ರಕಾಶ್. ಅವರಿಗೆ ಮುಂದಿನ ಚುನಾವಣೆಯಲ್ಲಿ ನಮ್ಮ ವಾರ್ಡಿಗೆ ನಿಲ್ಲುವ ಮನಸ್ಸು. ಹಾಗಾಗಿ ವರ್ಷದ ಎಲ್ಲ ಹಬ್ಬಕ್ಕೂ ಅವರ ಕೈಮುಗಿದ ಶುಭಾಶಯದ ಫ್ಲೆಕ್ಸು ನಮ್ಮ ಕ್ರಾಸಿನಲ್ಲಿ ಇರುತ್ತದೆ. ಹಬ್ಬ ಬದಲಾದಾಗ ಮೇಲಿನ ಸಾಲು ಬದಲಾಗುತ್ತದೆ, ಕೈ ಹಾಗೇ ಇರುತ್ತದೆ.

ಹೋದ ವರ್ಷ ಅವರಿಗೆ ಮೋಹನ್‌ಕುಮಾರನ ಡಿಜೆ ಬೇಕಿತ್ತು. ಟೆಂಪೋ ತುಂಬ ಬಾಕ್ಸು ಜೋಡಿಸಿಕೊಂಡು ಬರುವ ಹುಡುಗ ಅವನು; ಶಬ್ದಕ್ಕೆ ಕಿಟಕಿಯ ಗಾಜು, ಎದೆಯ ಗೂಡು ಎರಡೂ ಅದುರುತ್ತವೆ. ನಾನು ಚೌಡಪ್ಪನ ಹೆಸರು ಹೇಳಿದೆ. ಅಭಿಮಾನದಿಂದಲ್ಲ, ಅಗ್ಗ ಎಂದು.

ಜಯಪ್ರಕಾಶ್ ಚೌಡಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಷರತ್ತು ಹಾಕಿದರು. “ನೋಡಪ್ಪ, ನಿನ್ನ ಸುದ್ದಿಗಿದ್ದಿ ಇಲ್ಲಿ ಬೇಡ. ಒನ್ ಟೂ ತ್ರೀ ಅಷ್ಟೇ. ನಾಲ್ಕು ಅಂತ ಬಾಯಿಬಿಟ್ರೆ ವಿಸರ್ಜನೆ ಮೆರವಣಿಗೆಗೆ ಡಿಜೆನೇ ಕರೆಸೋದು.”

“ಆಯ್ತು ಸಾರ್” ಎಂದ ಚೌಡಪ್ಪ. ಅವನಿಗೆ ಆ ಮೆರವಣಿಗೆ ಬೇಕಿತ್ತು. ತುಮಕೂರಿನಲ್ಲಿ ಒಂದು ಸಲ ಹೆಸರು ಬಿದ್ದರೆ ಗುಬ್ಬಿಯವರೂ ಮರ್ಯಾದೆ ಕೊಡುತ್ತಾರೆ ಎಂಬ ಲೆಕ್ಕ.

ಚೌತಿಯ ಸಂಜೆ. ಆ ದಿನ ಚಂದ್ರನನ್ನು ನೋಡಿದವರಿಗೆ ವರ್ಷದೊಳಗೆ ಕಳ್ಳತನದ ಅಪವಾದ ತಪ್ಪದು. ಕೃಷ್ಣನಿಗೇ ತಪ್ಪಲಿಲ್ಲ, ಇನ್ನು ಮರಳೂರಿನವರ ಪಾಡೇನು. ನಮ್ಮ ರಸ್ತೆಯ ಜನವೆಲ್ಲ ಕಣ್ಣು ನೆಲಕ್ಕೆ ನೆಟ್ಟು ಪೆಂಡಾಲಿಗೆ ನಡೆದು ಬಂದಿದ್ದರು. ಅಪವಾದಕ್ಕೆ ಹೆದರಿ ಹಾಗೆ ತಲೆ ತಗ್ಗಿಸಿ ಬರುವವರನ್ನು ಪರಸ್ಥಳದವರು ನೋಡಿದ್ದರೆ ಕಳ್ಳರ ಮೆರವಣಿಗೆ ಎಂದೇ ತಿಳಿಯುತ್ತಿದ್ದರು.

ಚೌಡಪ್ಪ ವಿಧೇಯನಾಗಿ ಒನ್ ಟೂ ತ್ರೀ ಎಂದ. ಬಾಕ್ಸು ಕುಯ್ಯೆಂದು ಕಿರುಚಿತು. ಆಂಪ್ಲಿಫೈಯರಿನ ಹಿಂದೆ ತಲೆ ತೂರಿಸಿ, ಒಂದು ಕೈಯಲ್ಲಿ ವೈರು ಒತ್ತುತ್ತ, ಇನ್ನೊಂದು ಕೈಯಲ್ಲಿ ಮೈಕು ಹಿಡಿದ. ಕೈ ಕೆಲಸದಲ್ಲಿತ್ತು, ಬಾಯಿ ತನ್ನ ಹಳೇ ದಾರಿ ಹಿಡಿಯಿತು.

“ಮರಳೂರಿನ ಸಮಸ್ತ ಜನತೆಗೆ ಗೌರಿ ಗಣೇಶ ಹಬ್ಬದ ಹಾರ್ದಿಕ ಶುಭಾಶಯಗಳು. ಚಂದ್ರ ವರ್ಷಕ್ಕೆ ಒಂದೂವರೆ ಇಂಚು ನಮ್ಮಿಂದ ದೂರ ಹೋಯ್ತಾ ಅವ್ನಂತೆ. ಈಗ ಅವನ ಪಕ್ಕದಾಗೆ ಕೆಂಪಗೆ ಸಣ್ಣದಾಗಿ ಕಾಣೋದೇ ಮಂಗಳ ಗ್ರಹ. ಅಗೋ, ನೀರಿನ ಟ್ಯಾಂಕಿನ ಮ್ಯಾಲೆ ನೋಡಿ.”

ಇಡೀ ರಸ್ತೆ ತಲೆ ಎತ್ತಿ ನೋಡಿತು. ಪುರೋಹಿತರು ಬೇರೆ ಪೆಂಡಾಲಿಗೆ ಹೋಗಿದ್ದರಿಂದ ಪಾರಾದರು.

ನನ್ನ ಹೆಂಡತಿ ಲಕ್ಷ್ಮೀದೇವಮ್ಮ ಮೆಲ್ಲಗೆ ಕೇಳಿದಳು. “ನೋಡ್ಬುಟ್ರಾ?”

“ನೋಡ್ದೆ.”

“ಮಂಗಳ ಕಾಣ್ತಾ?”

“ಕಾಣ್ತು.”

“ಸರಿ ಬುಡಿ. ಅನುಭವಿಸಿ.”

ಗದ್ದಲ ಎದ್ದಿತು. ಜಯಪ್ರಕಾಶ್ ಕೆಂಪಾದರು, ಆ ಹೊತ್ತಿಗೆ ಮಂಗಳ ಗ್ರಹಕ್ಕಿಂತ ಅವರೇ ಚೆನ್ನಾಗಿ ಕಾಣುತ್ತಿದ್ದರು. ಚೌಡಪ್ಪ ಆಂಪ್ಲಿಫೈಯರಿನ ಹಿಂದಿನಿಂದ ತಲೆ ಹೊರಗೆ ಹಾಕಿ, ಏನಾಯಿತೆಂದು ತಿಳಿದೊಡನೆ ಮತ್ತೆ ಒಳಕ್ಕೆಳೆದುಕೊಂಡ. ಇಷ್ಟೂ ಜನರಲ್ಲಿ ಚಂದ್ರನನ್ನು ನೋಡದೆ ಉಳಿದವನು ಅವನೊಬ್ಬನೇ. ಟ್ಯಾಂಕಿನ ಮೇಲೆ ಎಂದದ್ದು ಹಿಂದಿನ ಸಂಜೆಯ ಅಂದಾಜಿನಿಂದ.

ಇದಕ್ಕೆ ಪರಿಹಾರವಿದೆ. ಶಮಂತಕ ಮಣಿಯ ಕತೆಯನ್ನು ಪೂರ್ತಿ ಕೇಳಿದರೆ ದೋಷ ಕಳೆಯುತ್ತದೆ. ಆದರೆ ಕತೆ ಹೇಳುವವರು ಯಾರು? ಎಲ್ಲರಿಗೂ ಅರ್ಧರ್ಧ ಗೊತ್ತು. “ಕೆಡಿಸಿದೋನೇ ಸರಿಮಾಡ್ಲಿ” ಎಂದು ಲಕ್ಷ್ಮೀದೇವಮ್ಮ ತೀರ್ಪು ಕೊಟ್ಟಳು.

ಚೌಡಪ್ಪ ಮೈಕಿನ ಮುಂದೆ ನಿಂತು ಚೆನ್ನಾಗಿಯೇ ಶುರುಮಾಡಿದ. ಸತ್ರಾಜಿತನ ಹತ್ತಿರ ದಿನಾ ಚಿನ್ನ ಕೊಡುವ ಮಣಿ. ಅವನ ತಮ್ಮ ಪ್ರಸೇನ ಅದನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದ. ಸಿಂಹ ಪ್ರಸೇನನನ್ನು ಕೊಂದಿತು, ಜಾಂಬವಂತನೆಂಬ ಕರಡಿ ಸಿಂಹವನ್ನು ಕೊಂದು ಮಣಿಯನ್ನು ಗುಹೆಗೆ ಒಯ್ದಿತು. ಊರವರು ಕೃಷ್ಣನೇ ಕದ್ದ ಎಂದರು. ಕೃಷ್ಣ ಹುಡುಕುತ್ತ ಗುಹೆಯ ಬಾಗಿಲಿಗೆ ಬಂದ. ಕರಡಿಯ ಹತ್ತಿರ ಬಂದದ್ದೇ ಚೌಡಪ್ಪನ ಕಣ್ಣು ಹೊಳೆಯಿತು.

“ಈ ಕರಡಿ ಐತಲ್ಲ, ತಣ್ಣನೆ ದೇಶದಾಗೆ ಅದು ಚಳಿಗಾಲ ಪೂರ್ತಿ ಗುಹೇಲಿ ಮಲಗಿರ್ತದೆ. ತಿಂಗಳುಗಟ್ಟಲೆ ಅನ್ನ ಇಲ್ಲ, ನೀರಿಲ್ಲ...”

ಜಯಪ್ರಕಾಶ್ ಹೋಗಿ ಪ್ಲಗ್ಗು ಕಿತ್ತರು. ಕತೆ ಗುಹೆಯ ಬಾಗಿಲಲ್ಲೇ ನಿಂತಿತು. ಮಣಿ ಸಿಗಲಿಲ್ಲ, ಕೃಷ್ಣ ಕಳ್ಳನಾಗಿಯೇ ಉಳಿದ. ನಾವೆಲ್ಲ ಅಪವಾದವನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಹೋದೆವು.

ಅಪವಾದ ಹೆಚ್ಚು ಕಾಯಿಸಲಿಲ್ಲ. ಗಣೇಶನ ಅಂಗೈಯಲ್ಲಿ ಜಯಪ್ರಕಾಶ್ ಮಾಡಿಸಿಟ್ಟ ಒಂದು ದೊಡ್ಡ ಬೂಂದಿ ಲಾಡು ಇತ್ತು, ಹೆಚ್ಚುಕಡಿಮೆ ಸುಲಿದ ತೆಂಗಿನಕಾಯಿ ಗಾತ್ರದ್ದು. ಕೊನೆಯ ದಿನ ಅದನ್ನು ಹರಾಜಿಗಿಟ್ಟು, ತಾವೇ ಕೂಗಿ, ತಾವೇ ಗೆದ್ದು, ಫೋಟೋ ತೆಗೆಸಿಕೊಳ್ಳುವುದು ಅವರ ಯೋಜನೆ. ಹಬ್ಬ ಕಳೆದ ಒಂದೆರಡು ದಿನಕ್ಕೆ, ಬೆಳಗಿನ ಪೂಜೆಗೆ ಬಂದವರು ನೋಡಿದರೆ ಗಣೇಶನ ಕೈ ಖಾಲಿ.

ಪೆಂಡಾಲಿನಲ್ಲಿ ಮಲಗುತ್ತಿದ್ದವನು ಚೌಡಪ್ಪ. ಮೈಕ್ ಸೆಟ್ಟಿನವರ ಪದ್ಧತಿಯೇ ಹಾಗೆ. ಆಂಪ್ಲಿಫೈಯರ್ ಬಿಟ್ಟು ಹೋಗುವಂತಿಲ್ಲ, ಅದರ ಪಕ್ಕದಲ್ಲೇ ಚಾಪೆ ಹಾಸಬೇಕು. ದೇವರ ಬೆಳ್ಳಿ ಕಿರೀಟ, ಹುಂಡಿ, ಮದುವೆ ಮನೆಯ ಒಡವೆ ಎಲ್ಲ ಅವರು ಮಲಗಿದ ಜಾಗದ ಸುತ್ತಲೇ ಇರುತ್ತವೆ. ಅವರ ಕಸುಬು ನಿಂತಿರುವುದು ಹಾರ್ನಿನ ಮೇಲಲ್ಲ, ಆ ಚಾಪೆಯ ಮೇಲೆ. ಮರಳೂರಿನಲ್ಲಿ ಒಬ್ಬರು ‘ಕಳ್ಳ’ ಎಂದರೆ ಸಾಕು, ಗುಬ್ಬಿ, ಕುಣಿಗಲ್, ಗೂಳೂರು, ಯಾವ ಪೆಂಡಾಲಿನಲ್ಲೂ ಚೌಡಪ್ಪನಿಗೆ ಚಾಪೆ ಹಾಸಲು ಬಿಡುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಅವತ್ತು ಮೊದಲ ಸಲ ಅವನ ಮುಖದಲ್ಲಿ ಸುದ್ದಿ ಇರಲಿಲ್ಲ.

“ಲಾಡು ಎಲ್ಲಪ್ಪ?” ಜಯಪ್ರಕಾಶ್ ಕೇಳಿದರು.

“ನಾ ಕಾಣೆ ಸಾರ್.”

“ನೀನು ಇಲ್ಲೇ ಮಲಗಿದ್ದೆ.”

“ಮಲಗಿದ್ದೆ. ಅದ್ಕೇ ಕಾಣೆ.”

“ತಮಾಷೆ ಬೇಡ. ನೀನಲ್ಲ ಅಂದ್ರೆ ಇನ್ಯಾರು ಬಂದಿದ್ರು ಹೇಳು.”

ಇಲ್ಲಿ ಒಂದು ಮಾತು ಹೇಳಬೇಕು. ಬಂದಿದ್ದವನು ನಾನು. ಅವತ್ತು ಗಣಹೋಮವಿತ್ತು, ಗುಬ್ಬಿಯಿಂದ ನಸುಕಿನಲ್ಲೇ ಬಂದ ನಮ್ಮ ಗಾಡಿಯಿಂದ ಕಾಯಿ ಮೂಟೆ ಇಳಿಸಿ, ಗಣೇಶನ ಎದುರು ಒಬ್ಬನೇ ನಿಂತು, ಕೈಮುಗಿದು ಹೋಗಿದ್ದೆ. ಲಾಡಿನ ಕಡೆ ಕಣ್ಣು ಹೋಗಿರಲಿಲ್ಲ. ಚೌಡಪ್ಪ ಕಂಬಳಿಯೊಳಗಿಂದ ತಲೆ ಎತ್ತಿ “ಸಾವ್ಕಾರ್ರಾ?” ಎಂದಿದ್ದ. ನಾನು “ಮಲಕ್ಕೋ, ಮಲಕ್ಕೋ” ಎಂದಿದ್ದೆ. ಮಾತಿನ ಮಟ್ಟಿಗೆ ಕಳ್ಳನೂ ಅದನ್ನೇ ಹೇಳುವುದು.

ಚೌಡಪ್ಪ ನನ್ನ ಹೆಸರು ಹೇಳಿದ್ದರೆ ಅವನ ಕೊರಳಿನ ಹಗ್ಗ ಅರ್ಧ ಸಡಿಲವಾಗುತ್ತಿತ್ತು. ಹೇಳಿದ್ದರೂ ಅದು ನಿಜವೇ ಆಗಿರುತ್ತಿತ್ತು. ನನ್ನ ಜಿಪುಣತನ ಇಡೀ ರಸ್ತೆಗೆ ಗೊತ್ತಿದ್ದರಿಂದ ಜನ ನಂಬುತ್ತಲೂ ಇದ್ದರು. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಯಾರ್‍ಯಾರೋ ಬತ್ತಾರೆ ಸಾರ್. ನಾಯಿ ಬಂತು, ಗಾಳಿ ಬಂತು. ದೇವ್ರ ಜಾಗ, ಬ್ಯಾಡ ಅನ್ನಕಾಯ್ತದಾ?”

ಲಕ್ಷ್ಮೀದೇವಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ನಸುಕಿನಲ್ಲಿ ಚಪ್ಪಲಿ ಮೆಟ್ಟಿ ಹೊರಟದ್ದನ್ನು ಬಲ್ಲವಳು ಅವಳೊಬ್ಬಳೇ. ಆ ನೋಟಕ್ಕೆ ಹೆದರಿ ನಾನು ಬಾಯಿಬಿಟ್ಟೆ. ಅದನ್ನು ಧೈರ್ಯ ಎಂದು ಯಾರೂ ಎಣಿಸಬಾರದು.

“ನಾನು ಬಂದಿದ್ದೆ, ಜಯಪ್ರಕಾಶ್. ಕಾಯಿ ಇಳಿಸೋಕೆ.”

ಹಿಂದಿನಿಂದ ಯಾರೋ “ಚೌತಿ ಚಂದ್ರ ಕೆಲ್ಸ ಶುರು ಮಾಡ್ಕೊಂಡ ನೋಡಿ” ಎಂದರು. ಇನ್ನೊಬ್ಬರು “ಸಾಹುಕಾರ್ರಿಗೆ ಸಕ್ಕರೆ ಕಾಯಿಲೆ, ಅವರ್‍ಯಾಕೆ ತಿಂತಾರೆ” ಎಂದು ನನ್ನ ಪರ ವಹಿಸಿದರು. ಕಾಯಿಲೆಯಿಂದ ಮರ್ಯಾದೆ ಉಳಿಯುವುದು ಇಂಥ ಹೊತ್ತಿನಲ್ಲಿ ಮಾತ್ರ. ಚೌಡಪ್ಪನಿಗೆ ಅಂಥ ಅದೃಷ್ಟ ಇರಲಿಲ್ಲ, ಅವನು ಆರೋಗ್ಯವಾಗಿದ್ದ.

ಜಯಪ್ರಕಾಶ್ ಆಗಲೇ ಮೋಹನ್‌ಕುಮಾರನಿಗೆ ಫೋನು ಮಾಡಿ ಟೆಂಪೋ ತರಲು ಹೇಳಿಬಿಟ್ಟರು. ಆಮೇಲೆ ಮೈಕು ಕೈಗೆತ್ತಿಕೊಂಡರು. ಲಾಡು ಕಳುವಾದದ್ದನ್ನೂ ಯಾರ ಮೇಲೆ ಅನುಮಾನ ಎಂಬುದನ್ನೂ ಇಡೀ ಬಡಾವಣೆಗೆ ಸಾರುವುದು ಅವರ ಉದ್ದೇಶ. ಬಾಯಿ ಆಡಿತು, ಬಾಕ್ಸು ಆಡಲಿಲ್ಲ. ಮೈಕನ್ನು ತಟ್ಟಿದರು, ಊದಿದರು. ಕೊನೆಗೆ ಚೌಡಪ್ಪನ ಕಡೆ ತಿರುಗಿದರು.

“ಏನಯ್ಯಾ ಇದು? ಸರಿಮಾಡು.”

“ನನ್ನ ಕಳ್ಳ ಅಂತ ಸಾರಕ್ಕೂ ನಾನೇ ಮೈಕ್ ರೆಡಿ ಮಾಡ್ಬೇಕಾ ಸಾರ್?” ಎಂದ ಚೌಡಪ್ಪ. ಬೇಸರದಿಂದ ಕೇಳಿದ್ದಲ್ಲ, ಸಂಶಯ ಪರಿಹಾರಕ್ಕೆ ಕೇಳಿದ ಹಾಗಿತ್ತು. ಉತ್ತರಕ್ಕೆ ಕಾಯದೆ ಕೆಲಸಕ್ಕಿಳಿದ. ಮೈಕು ಸತ್ತಿದ್ದರೆ ಅವನಿಗೆ ನಿಲ್ಲಲಾಗುವುದಿಲ್ಲ, ಅದು ಯಾರ ಮೈಕಾದರೂ, ಯಾವ ಮಾತಿಗಾದರೂ.

ವೈರು ಎಲ್ಲಿ ಸತ್ತಿದೆ ಎಂದು ನೋಡಲು ಅವನಿಗೆ ಒಂದೇ ದಾರಿ. ಆಂಪ್ಲಿಫೈಯರಿನಿಂದ ಹಿಡಿದು ವೈರನ್ನು ಬೆರಳುಗಳ ನಡುವೆ ಜಪಸರದಂತೆ ಜಾರಿಸುತ್ತ ಬಾಕ್ಸಿನವರೆಗೂ ಹೋಗುವುದು. ಹಾಗೆ ಹೋಗುತ್ತ ಗಣೇಶ ಕೂತಿದ್ದ ಮರದ ವೇದಿಕೆಯ ಬಟ್ಟೆ ಎತ್ತಿ ಅಡಿಗೆ ನುಸುಳಿದ. ಹೊರಗೆ ಎರಡು ಪಾದ ಮಾತ್ರ ಉಳಿದವು. ಸ್ವಲ್ಪ ಹೊತ್ತಿಗೆ ಪಾದಗಳು ಅಲ್ಲಾಡುವುದನ್ನು ನಿಲ್ಲಿಸಿದವು.

“ಸಾವ್ಕಾರ್ರೇ, ಆ ಫೋನಿನ ಬೆಳಕು ಒಸಿ ಕೊಡಿ.”

ಕೊಟ್ಟೆ. ಅವನು ಹಿಮ್ಮುಖವಾಗಿ ತೆವಳಿಕೊಂಡು ಹೊರಬಂದಾಗ ಒಂದು ಕೈಯಲ್ಲಿ ಕಡಿದು ತುಂಡಾದ ವೈರು, ಇನ್ನೊಂದರಲ್ಲಿ ಮುಕ್ಕಾಲು ತಿಂದ ಲಾಡು. ತಲೆಯ ಮೇಲೆ ಜೇಡರ ಬಲೆ. ಪಕ್ಕದ ಚರಂಡಿಯಿಂದ ವೇದಿಕೆಯ ಅಡಿಗೆ ಹೆಗ್ಗಣ ಬಿಲ ತೋಡಿತ್ತು. ಬಿಲದ ಬಾಯಿಗೆ ಲಾಡು ಹಿಡಿಸದೆ ಅಲ್ಲೇ ಕೂತು ತಿಂದಿತ್ತು. ತಿಂದು ಬಾಯಿ ಸುಮ್ಮನಿರದೆ ವೈರನ್ನೂ ಕಡಿದಿತ್ತು. ಬೂಂದಿ ಕಾಳು ಬಿಲದ ದಾರಿಯುದ್ದಕ್ಕೂ ಚೆಲ್ಲಿತ್ತು, ಬೇಕಾದವರು ಬಗ್ಗಿ ನೋಡಬಹುದಿತ್ತು.

ಬಗ್ಗಿ ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಹೆಂಗಸರೊಬ್ಬರು ಕೈಮುಗಿದರು. “ಮೂಷಿಕ ತಗೊಂಡವ್ನೆ. ಸ್ವಾಮಿ ವಾಹನ.”

ಜಯಪ್ರಕಾಶರಲ್ಲಿ ನನಗೆ ಮೆಚ್ಚುಗೆಯಾಗುವ ಗುಣ ಒಂದಿದೆ. ಧಾರಣೆ ತಿರುಗಿದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಕಳ್ಳತನಕ್ಕಿಂತ ಪವಾಡಕ್ಕೆ ಜನ ಜಾಸ್ತಿ ಸೇರುತ್ತಾರೆ. ಲಾಡು ಮಾಡಿಸಿದವರ ಹೆಸರೂ ಅದರ ಜೊತೆಗೇ ಓಡಾಡುತ್ತದೆ. ಚೌಡಪ್ಪನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದರು. ಖಜಾಂಚಿಯಾದ್ದರಿಂದ ನಾನೂ ಪಕ್ಕಕ್ಕೆ ಹೋದೆ.

“ಚೌಡಪ್ಪಾ, ಮೊದಲು ವೈರ್ ಜಾಯಿಂಟ್ ಮಾಡು. ನಿನ್ನ ಬಾಯಲ್ಲೇ ಹೇಳಿಬಿಡು. ಜಯಪ್ರಕಾಶ್‌ರವರು ಅರ್ಪಿಸಿದ ಲಾಡನ್ನು ಮೂಷಿಕ ರೂಪದಲ್ಲಿ ಸ್ವಾಮಿ ಸ್ವೀಕರಿಸಿದ್ದಾನೆ, ಇದು ಪವಾಡ, ಅಂತ. ವಿಸರ್ಜನೆ ನಿಂದೇ.”

“ಹೆಗ್ಗಣ ಕಣ್ ಸಾರ್ ಅದು.”

“ಹೆಗ್ಗಣ ಅಂದ್ರೂ ಮೂಷಿಕ ಅಂದ್ರೂ ಒಂದೇ ಅಲ್ವೇನಯ್ಯಾ?”

ಚೌಡಪ್ಪ ವೈರಿನ ತುದಿ ಹಲ್ಲಿನಿಂದ ಸುಲಿಯತೊಡಗಿದ. ಅಷ್ಟರಲ್ಲಿ ಮೋಹನ್‌ಕುಮಾರನ ಟೆಂಪೋ ಕ್ರಾಸಿಗೆ ಬಂದು ನಿಂತಿತ್ತು. ಬಾಕ್ಸಿನ ಗೋಪುರ ಚೌಡಪ್ಪನಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಅವನು ಅದನ್ನು ನೋಡಿದ, ಜೋಡಿಸಿದ ವೈರಿಗೆ ಟೇಪು ಸುತ್ತಿದ, ಮೈಕು ಹಿಡಿದ. ಜನ ಕಾದು ನಿಂತಿದ್ದರು.

“ಮರಳೂರಿನ ಸಮಸ್ತ ಜನತೆಗೆ ಮತ್ತೊಂದು ಸಲ ಹಬ್ಬದ ಶುಭಾಶಯಗಳು. ಮೊನ್ನೆ ಒಂದು ಕತೆ ಅರ್ಧಕ್ಕೆ ನಿಂತಿತ್ತು. ಮಣಿ ಕರಡಿ ಗುಹೇಲಿ ಸಿಕ್ತು. ಕೃಷ್ಣ ಕದ್ದಿರ್ಲಿಲ್ಲ. ಲಾಡೂ ಸಿಕ್ತು, ವೇದಿಕೆ ಅಡೀಲಿ ಹೆಗ್ಗಣ ತಿಂದೈತೆ. ಯಾರೂ ಕದ್ದಿಲ್ಲ.” ಜಯಪ್ರಕಾಶರ ಮುಖ ನೋಡಿದ. “ಇಲಿ ಹೆಗ್ಗಣದ ಮುಂದಿನ ಹಲ್ಲು ಸಾಯೋ ತನಕ ಬೆಳೀತಾನೇ ಇರ್ತವಂತೆ. ಅದ್ಕೇ ಅವು ಸಿಕ್ಕಿದ್ದೆಲ್ಲ ಕಡೀತಾ ಇರ್ತವೆ. ಕಡೀದೇ ಇದ್ರೆ ಬಾಯಿ ಮುಚ್ಚಕಾಗಲ್ಲ. ಹಿಂದ್ಗಡೆಯೋರಿಗೆ ಕೇಳ್ತಾ ಐತಾ?”

ಹಿಂದುಗಡೆಯವರಿಗೆ ಕೇಳಿತು. ಮುಂದುಗಡೆಯವರಿಗೂ ಕೇಳಿತು. ಕೆಲವರು ಜಯಪ್ರಕಾಶರ ಕಡೆ ನೋಡಿ ನಕ್ಕರು, ಕೆಲವರು ಸುಮ್ಮನೆ ನಕ್ಕರು. ಲಕ್ಷ್ಮೀದೇವಮ್ಮ ಗಟ್ಟಿಯಾಗಿ ಹೇಳಿದಳು: “ಕತೆ ಪೂರ್ತಿಯಾಯ್ತು, ದೋಷ ಹೋಯ್ತು.”

ಮಜವೆಂದರೆ ಚೌಡಪ್ಪ ಸ್ಪಷ್ಟವಾಗಿ ಹೆಗ್ಗಣ ಎಂದು ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಜೆಯ ಹೊತ್ತಿಗೆ ಪಕ್ಕದ ಬಡಾವಣೆಯವರೆಲ್ಲ ಮೂಷಿಕ ಪವಾಡ ನೋಡಲು ಬಂದರು. ಉಳಿದ ಕಾಲು ಲಾಡಿಗೆ ಹೂವಿಟ್ಟು ಮಂಗಳಾರತಿ ಎತ್ತಿದರು. ಪವಾಡ ಯಾರ ಕೈಗೆ ಸಿಕ್ಕಿತೋ ಅವನನ್ನು ಬಿಟ್ಟು ಡಿಜೆ ಕಟ್ಟುವುದು ಹೇಗೆ? ಹೆಂಗಸರು ಒಪ್ಪಲಿಲ್ಲ, ಜಯಪ್ರಕಾಶ್ ಹಲ್ಲು ಕಚ್ಚಿಕೊಂಡು ಟೆಂಪೋ ವಾಪಸ್ಸು ಕಳಿಸಿದರು. ಮೋಹನ್‌ಕುಮಾರ ಹೋಗುವಾಗ ಚೌಡಪ್ಪನ ಹತ್ತಿರ ಬಂದು, “ಅಣ್ಣಾ, ಆ ಹೆಗ್ಗಣ ಒಂದ್ಸಲ ನಮ್ ಕಡೇಗೂ ಕಳ್ಸಣ್ಣ” ಎಂದ.

ಹೀಗೆ ಪವಾಡವಲ್ಲ ಎಂದು ಸಾರಿದ ಮನುಷ್ಯ ಪವಾಡದ ಕೃಪೆಯಿಂದಲೇ ಕೆಲಸ ಉಳಿಸಿಕೊಂಡ. ಗುಬ್ಬಿಯಲ್ಲಿ ಈಗಲೂ ಯಾರಾದರೂ ಅವನನ್ನು ‘ಮೂಷಿಕದ ಚೌಡಪ್ಪ’ ಎಂದರೆ ಅವನು ನಿಲ್ಲಿಸಿ ತಿದ್ದುತ್ತಾನೆ. ಅಂಗಡಿಯಲ್ಲಿ ಕೂತ ರೇವಮ್ಮ ಅದನ್ನು ಕೇಳಿ ಹಣೆ ಚಚ್ಚಿಕೊಳ್ಳುತ್ತಾಳೆ. “ಸುಮ್ಕೆ ಹೂಂ ಅಂದಿದ್ರೆ ಇನ್ನೆರಡು ಊರಿನ ಗಣೇಶನೂ ನಮಗೇ ಬರ್ತಿತ್ತು ಸಾವ್ಕಾರ್ರೇ. ಇವ್ರಿಗೆ ಹೆಗ್ಗಣದ ಮೇಲೆ ಅದೇನು ನಿಯತ್ತೋ.”

ಆ ನಸುಕಿನ ವಿಷಯವನ್ನು ನಾನು ಅವನ ಹತ್ತಿರ ಒಂದೇ ಸಲ ಎತ್ತಿದ್ದು, ಹೊಸ ಸೀಸನ್ನಿನ ಕಾಯಿ ಬಂದಾಗ, ಮಂಡಿಯಲ್ಲಿ.

“ನಾನು ಬಂದಿದ್ದೆ ಅಂತ ಅವತ್ತು ಯಾಕೆ ಹೇಳ್ಲಿಲ್ಲ?”

ಅವನು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ನನ್ನನ್ನು ನೋಡಿ ಕಲಿತದ್ದು.

“ಹೇಳಿದ್ರೆ ನೀವು ಕದ್ರಿ ಅಂತಾಗ್ತಿತ್ತು ಸಾವ್ಕಾರ್ರೇ. ನೀವು ಕದ್ದಿದ್ದು ನಾ ನೋಡಿರ್ಲಿಲ್ವಲ್ಲ” ಎಂದ. ಬಳಿಕ, “ಜೇನುತುಪ್ಪ ಸಾವಿರಾರು ವರ್ಷ ಇಟ್ರೂ ಕೆಡಲ್ವಂತೆ, ಗೊತ್ತಾ?” ಎಂದ.

ಗೊತ್ತಿರಲಿಲ್ಲ. ಮನೆಗೆ ಬಂದು ಶೃತಿಯನ್ನು ಕೇಳಿದೆ, ಬಹುಮಟ್ಟಿಗೆ ನಿಜ ಎಂದಳು. ಜೀವಮಾನವಿಡೀ ಬಾಯಿ ಹಿಡಿತದಲ್ಲಿ ಇಟ್ಟುಕೊಳ್ಳಲಾರದ ಮನುಷ್ಯ ಒಂದು ಬೆಳಿಗ್ಗೆ ಮಾತ್ರ, ತನ್ನ ಕಸುಬೇ ಹೋಗುತ್ತಿರುವಾಗ, ಬಾಯಿ ಮುಚ್ಚಿಕೊಂಡಿದ್ದ. ಅವತ್ತು ಅವನು ಹೇಳದೆ ಬಿಟ್ಟ ನನ್ನ ಹೆಸರಿಗೆ ನಾನು ಚೌಡಪ್ಪನಿಗೆ ಋಣಿ.